ಇಮ್ಯುನಾಲಜಿ ಓದ್ಬೇಕು ಅನ್ನೋರಿಗೆ: ಪಿಯುಸಿಯಿಂದ ಕೆಲಸದ ತನಕ

ಪಿಯುಸಿ ಆಗಿ ನೀಟ್ ರಿಸಲ್ಟ್ ಬಂದ ವಾರ ಊರಿಂದ ನನಗೆ ಫೋನ್ ಶುರು. "ಅಕ್ಕಾ, ನೀಟ್ ಆಗ್ಲಿಲ್ಲ, ಬಯಾಲಜಿ ಅಂದ್ರೆ ಇಷ್ಟ, ಈ ಇಮ್ಯುನಾಲಜಿ ಅಂತಾರಲ್ಲ ಅದನ್ನ ಎಲ್ಲಿ ಓದೋದು, ಓದಿದ್ರೆ ಕೆಲಸ ಸಿಗತ್ತಾ?" ಪ್ರತಿ ಸಲ ಒಂದೊಂದು ಗಂಟೆ ಮಾತಾಡ್ತೀನಿ, ಮುಂದಿನ ವರ್ಷ ಇನ್ನೊಬ್ರು ಅದನ್ನೇ ಕೇಳ್ತಾರೆ, ಅದಕ್ಕೆ ಈ ಸಲ ಕೂತು ಎಲ್ಲಾ ಬರೆದು ಇಡ್ತಿದೀನಿ. ನಾನು ಸಾಗರದ ಕಡೆಯವಳು, ಬಿಎಸ್ಸಿ ಆಮೇಲೆ ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮಾಡಿ, ಎರಡು ವರ್ಷ ಒಂದು ರಿಸರ್ಚ್ ಲ್ಯಾಬಲ್ಲಿದ್ದು, ಈಗ ಬೆಂಗಳೂರಲ್ಲಿ ಬಯೋಲಾಜಿಕಲ್ ಔಷಧಿಗಳ (ಅಂದ್ರೆ ಜೀವಕೋಶಗಳಿಂದ ತಯಾರಿಸೋ ಔಷಧಿಗಳ) ಟೆಸ್ಟಿಂಗ್ ಕೆಲಸದಲ್ಲಿದೀನಿ.

ಶುರುವಲ್ಲೇ ಹೇಳಿಬಿಡ್ತೀನಿ: ಕಾಲೇಜಿನ ಬೋರ್ಡ್ ಮೇಲೆ "ಇಮ್ಯುನಾಲಜಿ" ಅಂತ ಬರೆದಿರೋ ಡಿಗ್ರಿ ಹುಡುಕ್ತಾ ಕೂರ್ಬೇಡಿ. ನಮ್ಮ ದೇಶದಲ್ಲಿ ಬಿಎಸ್ಸಿ ಮಟ್ಟದಲ್ಲಿ ಅದು ಹೆಚ್ಚುಕಮ್ಮಿ ಸಿಗೋದೇ ಇಲ್ಲ, ಎಂಎಸ್ಸಿಯಲ್ಲೂ ಬಹಳ ಕಮ್ಮಿ. ಇಲ್ಲಿ ಇಮ್ಯುನಾಲಜಿಸ್ಟ್ ಅಂತ ಆದೋರೆಲ್ಲಾ ಬಯೋಟೆಕ್, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಝೂವಾಲಜಿ, ಎಂಬಿಬಿಎಸ್, ವೆಟರ್ನರಿ, ಹೀಗೆ ಬೇರೆ ಬೇರೆ ಬಾಗಿಲಿಂದ ಬಂದು ಪಿಎಚ್‌ಡಿಯಲ್ಲೋ ಕೆಲಸದಲ್ಲೋ ಇಮ್ಯುನಾಲಜಿಗೆ ಸೇರಿದೋರು. ಡಿಗ್ರಿ ಹೆಸರಿಗಿಂತ ನೀವು ಕೈಯಾರೆ ಏನು ಮಾಡಿದೀರಿ, ಯಾವ ಪ್ರಶ್ನೆ ಹಿಂದೆ ಬಿದ್ದಿದೀರಿ ಅನ್ನೋದೇ ಕೊನೇಗೆ ಲೆಕ್ಕಕ್ಕೆ ಬರೋದು.

ಮೊದಲು: ಈ ವಿಷಯ ನಿಮಗೆ ಬೇಕಾ ಅಂತ ನೋಡ್ಕೊಳ್ಳಿ

ಇಮ್ಯುನಿಟಿ ಅಂದ್ರೆ ಕೋವಿಡ್ ಟೈಮಲ್ಲಿ ಎಲ್ಲರೂ ಕುಡಿದ ಕಷಾಯ ನೆನಪಾಗತ್ತೆ. ಈ ಸಬ್ಜೆಕ್ಟ್ ಅದಲ್ಲ. ನಮ್ಮ ಮೈಯೊಳಗಿನ ಜೀವಕೋಶಗಳು "ಇದು ನಂದು, ಇದು ಹೊರಗಿಂದು" ಅಂತ ಹೇಗೆ ಗುರುತು ಹಿಡೀತವೆ, ಒಂದು ಸಲ ನೋಡಿದ್ದನ್ನ ವರ್ಷಗಟ್ಟಲೆ ಹೇಗೆ ನೆನಪಿಟ್ಕೊಳ್ತವೆ, ಕೆಲವು ಸಲ ಗುರುತು ತಪ್ಪಿ ನಮ್ಮ ಕೀಲಿಗೋ ಪ್ಯಾಂಕ್ರಿಯಾಸ್‌ಗೋ ಯಾಕೆ ಹೊಡೀತವೆ ಅನ್ನೋದರ ಲೆಕ್ಕಾಚಾರ.

ನನಗೆ ಇದು ಹಿಡಿಸಿದ್ದು ಮಂಗನ ಕಾಯಿಲೆಯಿಂದ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಸಿಕ್ಕಿದ ವೈರಸ್ ಅದು, ಲೋಕದಲ್ಲೆಲ್ಲಾ ನಮ್ಮೂರ ಕಾಡಿನ ಹೆಸರಲ್ಲೇ ಕರೀತಾರೆ. ಚಿಕ್ಕವಳಿದ್ದಾಗ ಆರೋಗ್ಯ ಇಲಾಖೆಯೋರು ಬಂದು ಲಸಿಕೆ ಹಾಕೋರು, ಅದು ಸಿಕ್ಕಾಪಟ್ಟೆ ನೋವು, ಆದ್ರೂ ಒಂದು ಸಲಕ್ಕೆ ಮುಗೀತಿರ್ಲಿಲ್ಲ. ತಿಂಗಳು ಬಿಟ್ಟು ಎರಡನೇ ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ ಬೂಸ್ಟರ್. ಪೋಲಿಯೋ ಹನಿ ಚಿಕ್ಕಂದಿನಲ್ಲಿ ಹಾಕಿಸ್ಕೊಂಡ್ರೆ ಮುಗೀತು, ಇದಕ್ಕೆ ಮಾತ್ರ ಯಾಕೆ ವರ್ಷಾವರ್ಷ ಅಂತ ನಾನು ಎಷ್ಟು ಜನರನ್ನ ಕೇಳಿದ್ನೋ, ಯಾರಿಗೂ ಗೊತ್ತಿರ್ಲಿಲ್ಲ. ಉತ್ತರ ಸಿಕ್ಕಿದ್ದು ಎಂಎಸ್ಸಿಯಲ್ಲಿ. ಆ ಲಸಿಕೆ ಫಾರ್ಮಾಲಿನ್ ಹಾಕಿ ಸಾಯಿಸಿದ ವೈರಸ್ಸು, ಮೈಯೊಳಗೆ ಹೋಗಿ ಬೆಳೆಯಲ್ಲ, ಹಾಗಾಗಿ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳು ಅಷ್ಟಾಗಿ ಎದ್ದೇಳಲ್ಲ, ನೆನಪು ಗಟ್ಟಿಯಾಗಲ್ಲ, ಪದೇ ಪದೇ ನೆನಪಿಸ್ಬೇಕು. ಪೋಲಿಯೋ ಹನಿಯಲ್ಲಿರೋದು ಜೀವ ಇರೋ, ಶಕ್ತಿ ಕುಂದಿಸಿದ ವೈರಸ್ಸು, ಅದು ಕರುಳಲ್ಲಿ ಬೆಳೆದು ಪಾಠ ಕಲಿಸಿ ಹೋಗತ್ತೆ. 2018ರ ಕೊನೆ, 2019ರಲ್ಲಿ ಅರಳಗೋಡಿನ ಸುತ್ತಮುತ್ತ ಜನ ಸತ್ತಾಗ ನಮ್ಮ ಮನೆಯೋರೂ ಈ ರೋಗ ಹರಡೋ ಉಣುಗು ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಕೊಂಡೇ ತೋಟಕ್ಕೆ ಹೋಗ್ತಿದ್ರು. 2022ರಲ್ಲಿ ಲಸಿಕೆಯ ಶಕ್ತಿ ಸಾಲಲ್ಲ ಅಂತ ಅದನ್ನ ಕೊಡೋದೇ ನಿಲ್ಸಿದ್ರು, ಈಗ ಹೊಸ ಲಸಿಕೆಯ ಕೆಲಸ ನಡೀತಿದೆ. ನಮ್ಮ ಊರಿಗೆ ಬೇಕಾಗಿರೋ ಒಂದು ವಸ್ತು ಇನ್ನೂ ಕೈಗೆ ಬಂದಿಲ್ಲ, ಅದನ್ನ ಮಾಡೋಕೆ ಇಮ್ಯುನಾಲಜಿ ಗೊತ್ತಿರೋರು ಬೇಕು. ನಾನು ಈ ಸಬ್ಜೆಕ್ಟ್ ಬಗ್ಗೆ ಇಷ್ಟು ಮಾತಾಡೋದು ಅದಕ್ಕೇ.

ನಿಮಗೂ ಇಂಥದ್ದೊಂದು ಪ್ರಶ್ನೆ ಇದ್ಯಾ ನೋಡ್ಕೊಳ್ಳಿ. ಮನೇಲಿ ಯಾರಿಗೋ ಆಸ್ತಮಾ, ಅಜ್ಜಿಗೆ ರುಮಟಾಯ್ಡ್ ಸಂಧಿವಾತ, ತಮ್ಮನಿಗೆ ಟೈಪ್ 1 ಶುಗರ್, ಕೊಟ್ಟಿಗೆಯಲ್ಲಿ ದನಕ್ಕೆ ಕಾಲುಬಾಯಿ ಜ್ವರ, ಏನಾದ್ರೂ ಸರಿ. "ಸ್ಕೋಪ್ ಇದೆಯಂತೆ" ಅಂತ ಮಾತ್ರ ಬಂದ್ರೆ ಮೂರನೇ ಸೆಮಿಸ್ಟರಿನ ಸೈಟೋಕೈನ್ (ಸೆಲ್‌ಗಳು ಒಂದಕ್ಕೊಂದು ಸುದ್ದಿ ಕಳಿಸೋ ಪ್ರೋಟೀನ್) ಪಟ್ಟಿ ನೋಡಿ ಓಡಿಹೋಗ್ತೀರಿ, ಹಾಗೆ ಓಡಿದೋರನ್ನ ನೋಡಿದೀನಿ.

ಹೆಜ್ಜೆ 1: ಪಿಯುಸಿಯಲ್ಲಿ ಗಣಿತ ಬಿಡ್ಬೇಡಿ

ಬಯಾಲಜಿಗೆ ಹೋಗೋರು ಗಣಿತ ಯಾಕೆ ಅಂತ ಬಿಟ್ಟುಬಿಡ್ತಾರೆ, ಇಲ್ಲೇ ಮೊದಲ ತಪ್ಪು. ಬೆಂಗಳೂರಿನ ಐಐಎಸ್ಸಿಯ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಕೋರ್ಸಿಗೆ, ಬಯಾಲಜಿಯೇ ಮೇಜರ್ ತಗೊಳ್ಳೋರಾದ್ರೂ, ಪಿಯುಸಿಯಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಓದಿರ್ಲೇಬೇಕು. ಪಿಸಿಎಂಬಿ ಇದ್ರೆ ಎರಡೂ ಬಾಗಿಲು ತೆರೆದಿರತ್ತೆ. ಐಸರ್‌ಗಳಿಗೆ, ಅಂದ್ರೆ ಪುಣೆ, ತಿರುಪತಿ, ತಿರುವನಂತಪುರ ಇತ್ಯಾದಿ, ಅವರದ್ದೇ ಐಎಟಿ ಅನ್ನೋ ಪರೀಕ್ಷೆ ಇದೆ, ಪಿಸಿಬಿಯೋರೂ ಬರೀಬಹುದು. ಮುಂದೆ ಫ್ಲೋ ಸೈಟೋಮೆಟ್ರಿ (ಸೆಲ್‌ಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯೋ ವಿಧಾನ) ಡೇಟಾ ಇಟ್ಕೊಂಡು ಸ್ಟಾಟಿಸ್ಟಿಕ್ಸ್ ಮಾಡುವಾಗ ಗಣಿತ ಬೇಕೇ ಬೇಕು, ಅವಾಗ ಕಲಿಯೋದು ಕಷ್ಟ. ಈಗಾಗ್ಲೇ ಬಿಟ್ಟಾಗಿದ್ರೆ ಚಿಂತೆ ಬೇಡ, ಡಿಗ್ರಿಯಲ್ಲಿ ಬಯೋಸ್ಟಾಟಿಸ್ಟಿಕ್ಸ್ ಪೇಪರನ್ನ ಮಾರ್ಕ್ಸಿಗೋಸ್ಕರ ಅಲ್ಲದೆ ನಿಜವಾಗ್ಲೂ ಕಲೀರಿ, ಜೊತೆಗೆ ಸ್ವಲ್ಪ ಆರ್ ಅಥವಾ ಪೈಥಾನ್ ಕೋಡಿಂಗ್.

ಹೆಜ್ಜೆ 2: ಡಿಗ್ರಿ ಆರಿಸ್ಕೊಳ್ಳೋದು

ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಝೂವಾಲಜಿ, ಇವುಗಳಲ್ಲಿ ಯಾವ ಎರಡು ಇದ್ರೂ ಸಾಕು. ಕಾಲೇಜ್ ನೋಡೋಕೆ ಹೋದಾಗ ಕಟ್ಟಡ ನೋಡ್ಬೇಡಿ, ಲ್ಯಾಬ್ ಅಟೆಂಡರ್ ಹತ್ರ ಐದು ನಿಮಿಷ ಮಾತಾಡಿ. ಎಲಿಸಾ ರೀಡರ್ (ಸೀರಮ್ಮಲ್ಲಿರೋ ಆಂಟಿಬಾಡಿಯಂಥದ್ದನ್ನ ಅಳೆಯೋ ಮೆಷಿನ್) ಇದ್ಯಾ, ಅದು ಕೆಲಸ ಮಾಡತ್ತಾ, ಸ್ಟೂಡೆಂಟ್ಸ್ ಕೈಯಲ್ಲಿ ಮಾಡಿಸ್ತಾರಾ ಅಥವಾ ದೂರ ನಿಲ್ಲಿಸಿ ತೋರಿಸ್ತಾರಾ ಅಂತ ಕೇಳಿ. ಅವರಷ್ಟು ನಿಜ ಪ್ರಾಸ್ಪೆಕ್ಟಸ್ ಹೇಳಲ್ಲ. ಸರ್ಕಾರಿ ಕಾಲೇಜಲ್ಲೂ ಒಳ್ಳೇ ಮೇಷ್ಟ್ರು ಇರ್ತಾರೆ, ಲಕ್ಷಗಟ್ಟಲೆ ಫೀಸಿನ ಕಾಲೇಜಲ್ಲೂ ಬೀಗ ಹಾಕಿದ ಇನ್‌ಕ್ಯುಬೇಟರ್ ಇರತ್ತೆ. ಸಾಲ ಮಾಡಿ ಬಿಎಸ್ಸಿ ಮಾಡೋ ಅಗತ್ಯ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಆ ದುಡ್ಡು ಎಂಎಸ್ಸಿಗೆ ಇಟ್ಕೊಳ್ಳಿ.

ಹೆಜ್ಜೆ 3: ಓದೋ ರೀತಿ

ಇಮ್ಯುನಾಲಜಿ ಬಾಯಿಪಾಠ ಮಾಡಿದ್ರೆ ಬರಲ್ಲ. ಹೊಸ ಭಾಷೆ ಕಲಿತ ಹಾಗೆ, ಮೊದಲು ಪದ, ಆಮೇಲೆ ವಾಕ್ಯ. ಎಲ್ಲಾ ಕಡೆ ಓದೋದು ಕುಬಿ ಪುಸ್ತಕ, ಲೈಬ್ರರಿಯಲ್ಲಿ ಹಳೇ ಎಡಿಷನ್ ಸಿಕ್ಕಿದ್ರೂ ಶುರುವಿಗೆ ಸಾಕು. ಮೊದಲ ಚಾಪ್ಟರಿಂದ ಕೊನೇ ಚಾಪ್ಟರ್ ತನಕ ಸಾಲಾಗಿ ಓದ್ಬೇಡಿ. ಮೊದಲು ಯಾವ ಯಾವ ಸೆಲ್, ಎಲ್ಲಿರ್ತವೆ (ಮೂಳೆ ಮಜ್ಜೆ, ಥೈಮಸ್, ಲಿಂಫ್ ನೋಡ್, ಸ್ಪ್ಲೀನ್), ಆಮೇಲೆ ಹುಟ್ಟಿನಿಂದ ಬಂದ ಇನೇಟ್ ರಕ್ಷಣೆ, ಆಮೇಲೆ ಆಂಟಿಬಾಡಿಯ (ಹೊರಗಿಂದನ್ನ ಅಂಟಿ ಹಿಡಿಯೋ ಪ್ರೋಟೀನಿನ) ಆಕಾರ, ಅದರ ಜೀನ್ ಜೋಡಣೆ, ಎಂಎಚ್‌ಸಿ (ಟಿ ಸೆಲ್‌ಗೆ ತುಂಡು ತೋರಿಸೋ ಪ್ರೋಟೀನ್), ಟಿ ಸೆಲ್ ಎಚ್ಚರಗೊಳ್ಳೋದು, ಆಂಟಿಬಾಡಿ ಮಾಡೋ ಬಿ ಸೆಲ್. ಇಷ್ಟಾದ ಮೇಲೆ ಟಾಲರೆನ್ಸ್ (ನಮ್ಮದನ್ನ ಹೊಡೀದೆ ಬಿಡೋದು), ಅಲರ್ಜಿ, ಲಸಿಕೆ, ಕ್ಯಾನ್ಸರ್ ಎಲ್ಲಾ ಕಥೆ ಥರ ಓದಿಸ್ಕೊಂಡು ಹೋಗತ್ತೆ. ಕಾಂಪ್ಲಿಮೆಂಟ್ ಪಾಥ್‌ವೇ (ಆಂಟಿಬಾಡಿ ಅಂಟಿದ ಸೆಲ್‌ಗೆ ತೂತು ಹಾಕೋ ರಕ್ತದ ಪ್ರೋಟೀನ್‌ಗಳ ಸರಣಿ) ಮೊದಲ ಸಲ ಅರ್ಥ ಆಗ್ಲಿಲ್ಲ ಅಂದ್ರೆ ಬಿಟ್ಟು ಮುಂದೆ ಹೋಗಿ, ಎರಡನೇ ಸುತ್ತಲ್ಲಿ ಆಗತ್ತೆ.

ಕಷ್ಟ ಅನ್ಸಿದ್ದನ್ನ ಮನೇ ವಸ್ತುವಿಗೆ ತಂದು ನೋಡಿ. ಮನುಷ್ಯನಲ್ಲಿ ಪ್ರೋಟೀನ್ ಮಾಡೋ ಜೀನ್ ಇರೋದು ಸುಮಾರು 20,000, ಹಾಗಿದ್ರೆ ಕೋಟ್ಯಂತರ ಬಗೆಯ ಆಂಟಿಬಾಡಿ ಎಲ್ಲಿಂದ ಬರ್ತವೆ? ನನಗೆ ಇದು ತಲೆಗೆ ಹತ್ತಿದ್ದು ಅಮ್ಮನ ಬೀರು ನೋಡಿ. ಹತ್ತು ಸೀರೆ, ಐದು ರವಿಕೆ, ನಾಲ್ಕು ಸರ ಇದ್ರೆ ಇನ್ನೂರು ಥರ ರೆಡಿಯಾಗಬಹುದು. ಆಂಟಿಬಾಡಿಯ ದೊಡ್ಡ ಸರಪಳಿಗೂ ಹಾಗೇ, ಕೆಲಸಕ್ಕೆ ಬರೋ ವಿ ಅನ್ನೋ ಜೀನ್ ತುಂಡು ಸುಮಾರು 40, ಡಿ 23, ಜೆ 6, ಒಂದೊಂದು ಬಿ ಸೆಲ್ ಒಂದೊಂದನ್ನ ಆರಿಸಿ ಜೋಡಿಸತ್ತೆ, ಅಲ್ಲಿಗೇ ಐದೂವರೆ ಸಾವಿರ ಬಗೆ ಆಯ್ತು. ಚಿಕ್ಕ ಸರಪಳಿಯದ್ದು ಬೇರೆ, ಜೊತೆಗೆ ಜೋಡಿಸೋ ಜಾಗದಲ್ಲಿ ಅಕ್ಷರ ಸೇರಿಸಿ ಕಳೆದು ಮಾಡೋ ಗಲಾಟೆಯಿಂದ ಲೆಕ್ಕ ಎಲ್ಲಿಗೋ ಹೋಗತ್ತೆ. ಇದನ್ನ ತೋರಿಸ್ಕೊಟ್ಟಿದ್ದಕ್ಕೆ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ನಮ್ಮ ಡಿಎನ್ಎ ಎಲ್ಲಾ ಸೆಲ್ಲಲ್ಲೂ ಒಂದೇ ಅಂತ ಪಿಯುಸಿಯಲ್ಲಿ ಓದಿರ್ತೀವಲ್ಲ, ಬಿ ಸೆಲ್ ಟಿ ಸೆಲ್‌ಗಳಲ್ಲಿ ಅದು ಒಂದೇ ಅಲ್ಲ. ಇದು ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಸೈಟೋಕೈನ್‌ಗಳಿಗೆ ಒಂದೇ ಉಪಾಯ: ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಯಾರು ಬಿಡ್ತಾರೆ, ಯಾರು ಹಿಡೀತಾರೆ, ಹಿಡಿದ ಮೇಲೆ ಏನಾಗತ್ತೆ ಅಂತ ಮೂರು ಕಾಲಂ ಮಾಡಿ ದಿನಾ ಎರಡು ಬರೀರಿ. ಕನ್ನಡ ಮೀಡಿಯಮ್ಮಿಂದ ಬಂದೋರಿಗೆ ಇನ್ನೊಂದು ಮಾತು, ನಾನೂ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಮ್ಮೇ. ಮೊದಲ ವರ್ಷ ನೋಟ್ಸನ್ನ ಕನ್ನಡದಲ್ಲೇ ಬರ್ಕೊಳ್ಳಿ, ಹೆಸರುಗಳನ್ನ ಮಾತ್ರ ಇಂಗ್ಲಿಷಲ್ಲಿಡಿ. "ಡೆಂಡ್ರಿಟಿಕ್ ಸೆಲ್ ವೈರಸ್ಸಿನ ತುಂಡು ಎತ್ಕೊಂಡು ಲಿಂಫ್ ನೋಡ್‌ಗೆ ಹೋಗಿ ಟಿ ಸೆಲ್‌ಗೆ ತೋರಿಸತ್ತೆ" ಅಂತ ಬರೆದುಕೊಂಡೋರು ಪರೀಕ್ಷೆಯಲ್ಲಿ ಇಂಗ್ಲಿಷಲ್ಲಿ ಆರಾಮಾಗಿ ಬರೀತಾರೆ, ಅರ್ಥ ಆಗದೆ ಇಂಗ್ಲಿಷ್ ಉರು ಹೊಡೆದೋರು ಒಂದು ತಿರುಗಿಸಿ ಕೇಳಿದ್ರೆ ನಿಂತುಬಿಡ್ತಾರೆ.

ಎರಡನೇ ವರ್ಷದಿಂದ ತಿಂಗಳಿಗೆ ಒಂದು ರಿಸರ್ಚ್ ಪೇಪರ್ ಓದಿ. 2025ರ ಮೆಡಿಸಿನ್ ನೊಬೆಲ್ ಬ್ರಂಕೋ, ರ‍್ಯಾಮ್ಸ್‌ಡೆಲ್, ಸಕಾಗುಚಿ ಮೂವರಿಗೆ ರೆಗ್ಯುಲೇಟರಿ ಟಿ ಸೆಲ್ (ಬೇರೆ ಟಿ ಸೆಲ್‌ಗಳಿಗೆ ಲಗಾಮು ಹಾಕೋ ಸೆಲ್) ಮೇಲಿನ ಕೆಲಸಕ್ಕೆ ಬಂತಲ್ಲ, ಸಕಾಗುಚಿ ಅವರ 1995ರ ಪೇಪರಿಂದ ಶುರು ಮಾಡಿ, ಚಿತ್ರಗಳನ್ನ ಮಾತ್ರ ನೋಡಿ ಅವರು ಏನು ಕೇಳ್ತಿದಾರೆ ಅಂತ ಊಹಿಸಿ. ಮೊದಲ ಪೇಪರ್ ಹದಿನೈದು ದಿನ ತಗೊಳ್ಳತ್ತೆ, ತಗೊಳ್ಳಲಿ.

ಹೆಜ್ಜೆ 4: ಲ್ಯಾಬೊಳಗೆ ಕಾಲಿಡಿ, ಅದೂ ಡಿಗ್ರಿಯಲ್ಲಿರುವಾಗಲೇ

ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಡೀ ಲೇಖನದಲ್ಲಿ ಇಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡ್ತಾವೆ, ಅದರ ಆಫೀಸು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್. ಎರಡು ತಿಂಗಳು ಒಳ್ಳೇ ವಿಜ್ಞಾನಿ ಹತ್ರ ಕೆಲಸ, ಸ್ಟೈಪೆಂಡ್ ಕೂಡ ಇರತ್ತೆ, ಯಾವ ಊರಿನ ಯಾವ ಕಾಲೇಜಾದ್ರೂ ಅಪ್ಲೈ ಮಾಡಬಹುದು. ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನದ್ದೂ ಇಂಥದ್ದೇ ಬೇಸಿಗೆ ಫೆಲೋಶಿಪ್ ಇದೆ. ಅಪ್ಲಿಕೇಶನ್ನಲ್ಲಿ "ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ" ಅಂತ ಬರೆದು ಕಳಿಸ್ಬೇಡಿ, ಅದನ್ನ ಎಲ್ಲರೂ ಬರೀತಾರೆ. ನೀವು ಓದಿದ ಒಂದು ಪೇಪರ್, ಅದರಲ್ಲಿ ನಿಮಗೆ ಬಂದ ಒಂದು ಅನುಮಾನ, ಅದನ್ನ ಎಂಟು ಸಾಲಲ್ಲಿ ಬರೀರಿ.

ಫೆಲೋಶಿಪ್ ಸಿಗ್ಲಿಲ್ಲ ಅಂದ್ರೆ ನೇರ ಮೇಲ್. ಐಐಎಸ್ಸಿಯಲ್ಲಿ ಮೈಕ್ರೋಬಯಾಲಜಿ ಮತ್ತು ಸೆಲ್ ಬಯಾಲಜಿ ವಿಭಾಗ, ಬಯೋಕೆಮಿಸ್ಟ್ರಿ, ಸೆಂಟರ್ ಫಾರ್ ಇನ್ಫೆಕ್ಷಿಯಸ್ ಡಿಸೀಸ್ ರಿಸರ್ಚ್, ಆಮೇಲೆ ಎನ್‌ಸಿಬಿಎಸ್, ಇನ್‌ಸ್ಟೆಮ್, ನಿಮ್ಹಾನ್ಸಿನ ನ್ಯೂರೋವೈರಾಲಜಿ, ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್, ಮಣಿಪಾಲದ ವೈರಾಲಜಿ ಸಂಸ್ಥೆ, ಯಲಹಂಕದಲ್ಲಿ ಪ್ರಾಣಿ ರೋಗಗಳ ನಿವೇದಿ, ನಿಮ್ಮ ಯೂನಿವರ್ಸಿಟಿಯ ಸ್ವಂತ ಪ್ರೊಫೆಸರ್ ಕೂಡ. ಒಂದೇ ಮೇಲನ್ನ ಐವತ್ತು ಜನಕ್ಕೆ ಕಾಪಿ ಹೊಡೀಬೇಡಿ, ಐದು ಜನಕ್ಕೆ ಐದು ಬೇರೆ ಮೇಲ್ ಬರೀರಿ. ವಾರ ಕಳೆದ ಮೇಲೆ ಒಂದು ಸಲ ನೆನಪಿಸಿ. ಉತ್ತರ ಬರ್ಲಿಲ್ಲ ಅಂದ್ರೆ ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಅವರ ಇನ್‌ಬಾಕ್ಸ್ ತುಂಬಿದೆ ಅಷ್ಟೇ.

ಲ್ಯಾಬಲ್ಲಿ ಏನು ಕಲೀತೀರಿ ಅನ್ನೋದಕ್ಕೆ ಒಂದು ಹೇಳ್ತೀನಿ. ರಕ್ತದಿಂದ ಬಿಳಿ ಕಣ ಬೇರೆ ಮಾಡೋದು ಈ ಫೀಲ್ಡಿನ ಅ ಆ ಇ ಈ. ಫಾಲ್ಕನ್ ಟ್ಯೂಬಲ್ಲಿ ಫೈಕಾಲ್ ಅನ್ನೋ ದ್ರವ ಇರತ್ತೆ, ಟ್ಯೂಬ್ ಓರೆ ಹಿಡಿದು ಅದರ ಮೇಲೆ ತೆಳು ಮಾಡಿದ ರಕ್ತವನ್ನ ಗೋಡೆಗುಂಟ ನಿಧಾನಕ್ಕೆ ಇಳಿಸ್ಬೇಕು, ಎರಡೂ ಬೆರೀಬಾರ್ದು, ಎಳ್ಳೆಣ್ಣೆ ದೀಪಕ್ಕೆ ಹನಿ ಹನಿ ಬಿಟ್ಟ ಹಾಗೆ. ಆಮೇಲೆ ಸೆಂಟ್ರಿಫ್ಯೂಜಲ್ಲಿ 400 ಜಿ ಬಲದಲ್ಲಿ (ಭೂಮಿಯ ಸೆಳೆತದ 400 ಪಟ್ಟು) 30 ನಿಮಿಷ, ತಣ್ಣಗೆ ಮಾಡದೆ ರೂಮ್ ಟೆಂಪರೇಚರಲ್ಲಿ, ಬ್ರೇಕ್ ಆಫ್ ಮಾಡಿ. ತೆಗೆದಾಗ ತಳದಲ್ಲಿ ಕೆಂಪು, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಮೋಡದ ಥರ ತೆಳು ಬಿಳಿ ಉಂಗುರ. ಆ ಉಂಗುರದಲ್ಲೇ ನಿಮ್ಮ ಟಿ ಸೆಲ್, ಬಿ ಸೆಲ್, ಎನ್‌ಕೆ ಸೆಲ್, ಮಾನೋಸೈಟ್ ಎಲ್ಲಾ. ನಾನು ಮೊದಲ ಸಲ ಒಬ್ಬಳೇ ಮಾಡಿದಾಗ ಬ್ರೇಕ್ ಆಫ್ ಮಾಡೋದು ಮರೆತೆ. ಮೆಷಿನ್ ಗಕ್ಕನೆ ನಿಂತು ಪದರಗಳೆಲ್ಲಾ ಕಲಸಿಹೋಗಿದ್ವು, ಉಂಗುರವೇ ಇಲ್ಲ. ನನ್ನ ಸೀನಿಯರ್ ಅಕ್ಕ ಟ್ಯೂಬ್ ನೋಡಿ "ಬ್ರೇಕ್ ತೆಗೆದ್ಯೇನೇ?" ಅಂದ್ರು, ಬೈಲಿಲ್ಲ, ಆಮೇಲೆ ಹೇಳಿದ್ರು, "ಈ ರಕ್ತ ಕೊಟ್ಟಿದ್ದು ಕೀಮೋ ತಗೋತಿರೋ ಒಬ್ಬ ಅಮ್ಮ, ಇನ್ನೊಂದು ಸಲ ಕೇಳೋಕೆ ಆಗಲ್ಲ." ಆವತ್ತಿಂದ ಮೆಷಿನ್ ಮುಚ್ಚೋ ಮುಂಚೆ ಬ್ರೇಕ್, ಟೆಂಪರೇಚರ್, ಟೈಮ್ ಮೂರನ್ನೂ ಜೋರಾಗಿ ಬಾಯಲ್ಲಿ ಹೇಳ್ಕೊಂಡೇ ಒತ್ತೋದು, ಈಗ ನನ್ನ ಜೂನಿಯರ್‌ಗಳಿಗೂ ಅದನ್ನೇ ಕಲಿಸ್ತೀನಿ.

ಒಂದು ಎಚ್ಚರಿಕೆ ಇಲ್ಲೇ. "ಹದಿನೈದು ದಿನದ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಗ್ಯಾರಂಟಿ" ಅಂತ ಸಾವಿರಾರು ರೂಪಾಯಿ ತಗೊಳ್ಳೋ ಜಾಗಗಳು ಬೆಂಗಳೂರು ತುಂಬಾ ಇವೆ. ನಾನೂ ಎರಡನೇ ವರ್ಷ ಅಪ್ಪನ ಅಡಿಕೆ ದುಡ್ಡಲ್ಲಿ ಒಂದಕ್ಕೆ ಕಟ್ಟಿದ್ದೆ, ಮೂವತ್ತು ಜನ ಒಂದು ಪಿಪೆಟ್ ಸುತ್ತ ನಿಂತು ನೋಡಿ ಬಂದ್ವಿ. ಆ ಸರ್ಟಿಫಿಕೇಟನ್ನ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ದುಡ್ಡು ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: ನನ್ನ ಕೈಯಲ್ಲಿ ಯಾವ ಪ್ರಯೋಗ, ಎಷ್ಟು ಸಲ ಮಾಡಿಸ್ತೀರಿ? ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ವಾಪಸ್ ಬನ್ನಿ.

ಹೆಜ್ಜೆ 5: ಎಂಎಸ್ಸಿ ಮತ್ತು ಪರೀಕ್ಷೆಗಳು

ಬಿಎಸ್ಸಿ ಕೊನೇ ವರ್ಷದಲ್ಲಿ ಬರೀಬೇಕಾದ್ದು: ಐಐಟಿ ಎಂಎಸ್ಸಿಗಳಿಗೆ ಮತ್ತು ಐಐಎಸ್ಸಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜಾಮ್ ಬಯೋಟೆಕ್ನಾಲಜಿ, ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ (ಡಿಬಿಟಿ) ನೆರವಿನ ಎಂಎಸ್ಸಿಗಳಿಗೆ ಗ್ಯಾಟ್-ಬಿ, ಸೆಂಟ್ರಲ್ ಯೂನಿವರ್ಸಿಟಿಗಳಿಗೆ ಸಿಯುಇಟಿ ಪಿಜಿ, ಎನ್‌ಸಿಬಿಎಸ್ ಥರದ ಕಡೆಗೆ ಜೆಜೀಬಿಲ್ಸ್. ಗ್ಯಾಟ್-ಬಿಯಲ್ಲಿ ಸೀಟ್ ಸಿಕ್ಕಿದ್ರೆ ತಿಂಗಳು ತಿಂಗಳು ಸ್ಟೈಪೆಂಡ್ ಬರತ್ತೆ, ಬಡವರ ಮನೆ ಮಕ್ಕಳಿಗೆ ಇದು ದೊಡ್ಡ ವರ, ಆದ್ರೂ ನಮ್ಮ ಕಡೆ ಡಿಗ್ರಿ ಕಾಲೇಜುಗಳಲ್ಲಿ ಇದರ ಹೆಸರೇ ಹೇಳಲ್ಲ ಅನ್ನೋದು ನನಗೆ ಬಹಳ ಬೇಜಾರು. ವೈರಸ್ ಕಡೆ ಮನಸ್ಸಿದ್ರೆ ಪುಣೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿಯಲ್ಲಿ (ಎನ್ಐವಿ) ವೈರಾಲಜಿ ಎಂಎಸ್ಸಿ ಇದೆ, ಮಂಗನ ಕಾಯಿಲೆ ವೈರಸ್ಸನ್ನ ಮೊದಲು ಹಿಡಿದಿದ್ದು ಅದೇ ಸಂಸ್ಥೆ, ಆಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. ಇವ್ಯಾವೂ ಆಗ್ಲಿಲ್ಲ ಅಂದ್ರೆ ಮೈಸೂರು, ಧಾರವಾಡ, ಕುವೆಂಪು, ಮಂಗಳೂರು, ಬೆಂಗಳೂರು ಯೂನಿವರ್ಸಿಟಿ ಇದ್ದೇ ಇವೆ. ಅಲ್ಲಿ ಸೇರಿದೋರು ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟನ್ನ ಹೊರಗಿನ ಒಳ್ಳೇ ಲ್ಯಾಬಲ್ಲಿ ಮಾಡೋಕೆ ಮೊದಲ ಸೆಮಿಸ್ಟರಿಂದಲೇ ಓಡಾಡಿ, ನನಗೆ ಕೆಲಸ ಕೊಡಿಸಿದ್ದು ಆ ಆರು ತಿಂಗಳ ಪ್ರಾಜೆಕ್ಟ್.

ಎಂಎಸ್ಸಿ ಹೊತ್ತಿಗೆ ಸಿಎಸ್ಐಆರ್ ನೆಟ್ ಲೈಫ್ ಸೈನ್ಸಸ್, ಪಿಎಚ್‌ಡಿ ಫೆಲೋಶಿಪ್ಪಿಗೂ ಅಧ್ಯಾಪಕರಾಗೋಕೂ ಬರೆಯೋ ಪರೀಕ್ಷೆ. 200 ಮಾರ್ಕು, 3 ಗಂಟೆ. ಎ ಭಾಗ ಸಾಮಾನ್ಯ ಲೆಕ್ಕ ತರ್ಕ, ಬಿ ಭಾಗದಲ್ಲಿ 50ಕ್ಕೆ 35, ಸಿ ಭಾಗದಲ್ಲಿ 75ಕ್ಕೆ 25 ಬರೆದ್ರೆ ಸಾಕು, ಸಿ ಭಾಗದ ಒಂದೊಂದಕ್ಕೆ 4 ಮಾರ್ಕು, ತಪ್ಪಾದ್ರೆ ಕಾಲು ಭಾಗ ಕಟ್. 13 ಯೂನಿಟ್ಟಲ್ಲಿ ಇಮ್ಯುನಾಲಜಿ ಬರೋದು 4ನೇದರಲ್ಲಿ, ಟೆಕ್ನಿಕ್‌ಗಳು 13ನೇದರಲ್ಲಿ. ಎಲ್ಲಾ ಯೂನಿಟ್ ಓದೋಕೆ ಹೋಗಿ ಸೋಲೋರೇ ಜಾಸ್ತಿ, ಆರೇಳು ಯೂನಿಟ್ ಆಳವಾಗಿ ಓದಿ. ಅದರಲ್ಲಿ ಜೆಆರ್‌ಎಫ್ (ಪಿಎಚ್‌ಡಿಗೆ ಕೊಡೋ ಫೆಲೋಶಿಪ್) ಸಿಕ್ಕಿದ್ರೆ 2023ರಿಂದ ತಿಂಗಳಿಗೆ 37,000 ಜೊತೆಗೆ ಎಚ್‌ಆರ್‌ಎ, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ 42,000. ಅಧ್ಯಾಪಕರಾಗೋ ಆಸೆ ಇರೋರು ಕೆಇಎ ನಡೆಸೋ ಕೆ-ಸೆಟ್ (ರಾಜ್ಯದ ಅಧ್ಯಾಪಕರ ಅರ್ಹತಾ ಪರೀಕ್ಷೆ) ಕೂಡ ಬರೀರಿ.

ಹೆಜ್ಜೆ 6: ಪಿಎಚ್‌ಡಿನಾ, ಕೆಲಸಾನಾ

ಎಂಎಸ್ಸಿ ಮುಗಿಯೋ ಹೊತ್ತಿಗೆ ಇದನ್ನ ಮನೆಯೋರ ಜೊತೆ ಕೂತು ಮಾತಾಡಿ. ಹೊಸ ಪ್ರಶ್ನೆ ನೀವೇ ಕೇಳ್ಬೇಕು, ಸ್ವಂತ ಲ್ಯಾಬ್ ಬೇಕು, ಲಸಿಕೆಯನ್ನ ನೀವೇ ವಿನ್ಯಾಸ ಮಾಡ್ಬೇಕು ಅಂದ್ರೆ ಪಿಎಚ್‌ಡಿ ಬಿಟ್ಟು ದಾರಿ ಇಲ್ಲ. ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಅನ್ನೋ ತಾತ್ಕಾಲಿಕ ರಿಸರ್ಚ್ ಕೆಲಸ. ಮೂವತ್ತು ದಾಟೋ ತನಕ ಪರ್ಮನೆಂಟ್ ಕೆಲಸ ಇರಲ್ಲ ಅನ್ನೋದನ್ನ ಅಪ್ಪ ಅಮ್ಮನಿಗೆ ಈಗಲೇ ಹೇಳಿ, ಹೆಣ್ಣುಮಕ್ಕಳಾದ್ರೆ ಮದುವೆ ಮಾತೂ ಇದರ ಜೊತೆಗೇ ಬರತ್ತೆ, ಮುಚ್ಚಿಟ್ಟು ಹೋದೋರು ನಡುವೆ ಬಿಟ್ಟು ಬಂದಿದ್ದನ್ನ ನೋಡಿದೀನಿ. ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿ ಈ ಸಬ್ಜೆಕ್ಟಿಗೆ ದೇಶದ ದೊಡ್ಡ ಮನೆ. ಜಿ. ಪಿ. ತಲ್ವಾರ್ ಅಲ್ಲಿನ ಮೊದಲ ಡೈರೆಕ್ಟರ್, ಅವರು ಕುಷ್ಠರೋಗಕ್ಕೆ ಲಸಿಕೆ ಮಾಡಿದ ಬ್ಯಾಕ್ಟೀರಿಯಾಗೆ ಮೈಕೋಬ್ಯಾಕ್ಟೀರಿಯಂ ಇಂಡಿಕಸ್ ಪ್ರಾನಿ ಅಂತ ಅವರ ನೆನಪಿನ ಹೆಸರೇ ಇದೆ. ಅದು ಬಿಟ್ರೆ ಫರೀದಾಬಾದಿನ ಟಿಎಚ್‌ಎಸ್‌ಟಿಐ, ಪುಣೆಯ ಎನ್‌ಸಿಸಿಎಸ್, ಹೈದರಾಬಾದಿನ ಸಿಸಿಎಂಬಿ, ನಮ್ಮ ಐಐಎಸ್ಸಿ. ಸಂಸ್ಥೆಗಿಂತ ಗೈಡ್ ಮುಖ್ಯ. ಸೇರೋ ಮುಂಚೆ ಅವರ ಹಳೇ ಸ್ಟೂಡೆಂಟ್ ಇಬ್ಬರ ಹತ್ರ ಫೋನಲ್ಲಿ ಮಾತಾಡಿ, ಇದೊಂದು ಮಾಡದೆ ಸೇರ್ಬೇಡಿ.

ಎಂಎಸ್ಸಿಗೇ ಸಾಕು, ಸಂಬಳ ಬೇಕು ಅನ್ನೋದೂ ಮರ್ಯಾದೆಯ ದಾರಿಯೇ. ಅಲ್ಲಿ ಏನೇನಿದೆ ಅಂತ ಈಗ ಹೇಳ್ತೀನಿ.

ಹೆಜ್ಜೆ 7: ಕೆಲಸಗಳು

ಬಯೋಲಾಜಿಕಲ್ ಔಷಧಿ: ಬೆಂಗಳೂರಿನ ಬಯೋಕಾನ್, ಸಿಂಜೀನ್ ಥರದ ಕಂಪನಿಗಳು ಆಂಟಿಬಾಡಿಯನ್ನೇ ಔಷಧಿ ಮಾಡ್ತಾವೆ. ಸೋರಿಯಾಸಿಸ್‌ಗೆ ಬಂದ ಇಟೊಲಿಝುಮ್ಯಾಬ್, 2013ರಲ್ಲಿ ಬಯೋಕಾನ್ ಬಿಡುಗಡೆ ಮಾಡಿದ್ದು, ಟಿ ಸೆಲ್ ಮೇಲಿನ ಸಿಡಿ6 ಅನ್ನೋದನ್ನ ಹಿಡಿಯೋ ಆಂಟಿಬಾಡಿ. ನನ್ನ ಕೆಲಸ ಇದರ ಪಕ್ಕದ್ದು. ಇಂಥ ಔಷಧಿ ಚುಚ್ಚಿದಾಗ ಕೆಲವರ ಮೈ ಆ ಔಷಧಿ ಮೇಲೇ ಆಂಟಿಬಾಡಿ ಮಾಡಿಬಿಡತ್ತೆ, ಆಗ ಔಷಧಿ ಕೆಲಸ ಮಾಡಲ್ಲ. ಅದನ್ನ ಪೇಷಂಟ್ ಸೀರಮ್ಮಲ್ಲಿ ಹುಡುಕೋದು: ಮೊದಲು ಸ್ಕ್ರೀನಿಂಗ್, ಆಮೇಲೆ ಕನ್ಫರ್ಮ್, ಆಮೇಲೆ ಟೈಟರ್ (ಎಷ್ಟಿದೆ ಅನ್ನೋ ಅಳತೆ). ದಿನಕ್ಕೆ ಎಂಟು ಹತ್ತು ಪ್ಲೇಟ್, ಒಂದೊಂದರಲ್ಲಿ 96 ಗುಂಡಿ, ಮಾಡಿದ ಪ್ರತಿಯೊಂದನ್ನೂ ಅದೇ ಕ್ಷಣ ಬರೀಬೇಕು, ಬರೆದಿಲ್ಲ ಅಂದ್ರೆ ಮಾಡಿಲ್ಲ ಅಂತಲೇ ಲೆಕ್ಕ. ಶುರುವಿನ ಸಂಬಳ ಸಾಫ್ಟ್‌ವೇರ್ ಫ್ರೆಂಡ್ಸಿಗೆ ಹೋಲಿಸಿದ್ರೆ ಕಮ್ಮಿ, ಪಿಜಿ ಬಾಡಿಗೆ ಊಟ ಕಳೆದ್ರೆ ಮನೆಗೆ ಕಳಿಸೋಕೆ ಸ್ವಲ್ಪವೇ ಉಳಿಯತ್ತೆ. ಮೂರು ನಾಲ್ಕು ವರ್ಷ ಒಂದೇ ಟೆಕ್ನಿಕಲ್ಲಿ ಕೈ ಪಳಗಿದ್ರೆ ಮಾತ್ರ ಏರತ್ತೆ.

ಲಸಿಕೆ ಕಂಪನಿಗಳು: ಹೈದರಾಬಾದಲ್ಲಿ ಭಾರತ್ ಬಯೋಟೆಕ್, ಬಯಾಲಾಜಿಕಲ್ ಇ, ಇಂಡಿಯನ್ ಇಮ್ಯುನಾಲಾಜಿಕಲ್ಸ್, ಪುಣೆಯಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್. ಇಲ್ಲಿ ಜಾಸ್ತಿ ಜನ ಬೇಕಾಗೋದು ಕ್ವಾಲಿಟಿ ಕಂಟ್ರೋಲಿಗೆ.

ಎಚ್‌ಎಲ್‌ಎ ಲ್ಯಾಬ್ (ಎಚ್‌ಎಲ್‌ಎ ಅಂದ್ರೆ ಮನುಷ್ಯರ ಎಂಎಚ್‌ಸಿ): ಇದರ ಬಗ್ಗೆ ಯಾರೂ ಹೇಳಲ್ಲ, ಅದಕ್ಕೆ ನಾನು ಹೇಳ್ತೀನಿ. ಕಿಡ್ನಿ ಕಸಿ ಮಾಡೋ ಆಸ್ಪತ್ರೆಗಳಿಗೆ ಕೊಡೋರಿಗೂ ತಗೊಳ್ಳೋರಿಗೂ ಹೊಂದಾಣಿಕೆ ನೋಡೋ ಲ್ಯಾಬ್ ಬೇಕು. ನನ್ನ ಕ್ಲಾಸ್‌ಮೇಟ್ ಒಬ್ಬಳು ಅಲ್ಲಿದಾಳೆ. ಮೆದುಳು ನಿಷ್ಕ್ರಿಯ ಆದ ದಾನಿ ಇದಾರೆ ಅಂತ ರಾಜ್ಯದ ಅಂಗದಾನ ನೋಡ್ಕೊಳ್ಳೋ ಜೀವಸಾರ್ಥಕತೆಯಿಂದ ಸುದ್ದಿ ಬಂದ್ರೆ ರಾತ್ರಿ ಎರಡು ಗಂಟೆಗೂ ಎದ್ದು ಹೋಗ್ತಾಳೆ. ದಾನಿಯ ಬಿಳಿ ಕಣಕ್ಕೆ ಪಟ್ಟಿಯಲ್ಲಿರೋರ ಸೀರಮ್ ಹಾಕಿ, ಮೊಲದ ಕಾಂಪ್ಲಿಮೆಂಟ್ ಸೇರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾಳೆ. ಸೆಲ್ ಸತ್ತಿದ್ರೆ ಆ ಪೇಷಂಟಿಗೆ ಆ ಕಿಡ್ನಿ ಕೊಡೋ ಹಾಗಿಲ್ಲ. ಬದುಕಿದ್ರೆ ಬೆಳಗಾಗೋ ಹೊತ್ತಿಗೆ ಯಾರೋ ಒಬ್ಬರಿಗೆ ಡಯಾಲಿಸಿಸ್ಸಿಂದ ಬಿಡುಗಡೆ. ಎರಡನೇ ಸೆಮಿಸ್ಟರಲ್ಲಿ ನಾವು ಬೈಕೊಂಡು ಓದಿದ ಕಾಂಪ್ಲಿಮೆಂಟ್ ಇದೇ.

ಸೆಲ್ ಥೆರಪಿ: ಪೇಷಂಟಿನ ಟಿ ಸೆಲ್ ತೆಗೆದು, ಕ್ಯಾನ್ಸರ್ ಗುರುತು ಹಿಡಿಯೋ ಹಾಗೆ ತಿದ್ದಿ, ಬೆಳೆಸಿ ವಾಪಸ್ ಹಾಕೋ ಕಾರ್-ಟಿ. ಐಐಟಿ ಬಾಂಬೆಯಿಂದ ಬಂದ ಇಮ್ಯುನೋಆಕ್ಟ್‌ನ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ತು, ಬೆಂಗಳೂರಲ್ಲಿ ಇಮ್ಯುನೀಲ್ ಇದೆ. ಕ್ಲೀನ್‌ರೂಮಲ್ಲಿ ಸೆಲ್ ಬೆಳೆಸೋಕೆ ಕೈ ಬರೋರು ಇಲ್ಲಿ ಬೇಕು. ಈಗ ಪಿಯುಸಿಯಲ್ಲಿರೋರು ಕಣ್ಣಿಡಬೇಕಾದ ಜಾಗ ಇದು ಅಂತ ನನ್ನ ಅನಿಸಿಕೆ.

ಫ್ಲೋ ಸೈಟೋಮೀಟರ್ ಮಾರೋ ಕಂಪನಿಗಳಲ್ಲಿ ಅಪ್ಲಿಕೇಶನ್ ಸ್ಪೆಷಲಿಸ್ಟ್, ಕ್ಲಿನಿಕಲ್ ಟ್ರಯಲ್, ರೆಗ್ಯುಲೇಟರಿ, ಮೆಡಿಕಲ್ ರೈಟಿಂಗ್, ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆದು ಪೇಟೆಂಟ್ ಕೆಲಸ, ಇವೂ ಇವೆ. ಬಾಯಿ ಚೆನ್ನಾಗಿರೋರಿಗೆ, ಬರವಣಿಗೆ ಚೆನ್ನಾಗಿರೋರಿಗೆ ಲ್ಯಾಬಿಗಿಂತ ಇಲ್ಲೇ ಸಂಬಳ ಬೇಗ ಏರತ್ತೆ.

ಎಂಬಿಬಿಎಸ್, ವೆಟರ್ನರಿ ಓದ್ತಿರೋರಿಗೆ

ಎಂಬಿಬಿಎಸ್ ಆದೋರು ಎಂಡಿ ಮೈಕ್ರೋಬಯಾಲಜಿ ಅಥವಾ ಟ್ರಾನ್ಸ್‌ಫ್ಯೂಷನ್ ಮೆಡಿಸಿನ್ ಮಾಡಬಹುದು, ಎಂಡಿ ಮೆಡಿಸಿನ್ ಆದ್ಮೇಲೆ ಕ್ಲಿನಿಕಲ್ ಇಮ್ಯುನಾಲಜಿಯಲ್ಲಿ ಡಿಎಂ ಇದೆ, ಲಕ್ನೋದ ಎಸ್‌ಜಿಪಿಜಿಐ, ಪುದುಚೇರಿಯ ಜಿಪ್‌ಮರ್ ಇದಕ್ಕೆ ಹೆಸರುವಾಸಿ. ವೆಟರ್ನರಿಯೋರು ಈ ದಾರೀನ ಕೀಳಾಗಿ ನೋಡ್ಬೇಡಿ. ದನಗಳ ದೊಡ್ಡರೋಗ, ರಿಂಡರ್‌ಪೆಸ್ಟ್, 2011ರಲ್ಲಿ ಇಡೀ ಲೋಕದಿಂದ ಹೋಯ್ತು, ಸಿಡುಬು ಬಿಟ್ರೆ ಮನುಷ್ಯ ನಿರ್ನಾಮ ಮಾಡಿದ ಇನ್ನೊಂದೇ ರೋಗ ಅದು, ಮಾಡಿದ್ದು ಲಸಿಕೆ. ಮಂಗನ ಕಾಯಿಲೆಯ ಹಳೇ ಲಸಿಕೆ ತಯಾರಾಗ್ತಿದ್ದಿದ್ದೂ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲೇ.

ಹೊರದೇಶ

ಸಾಲ ಮಾಡಿ ಹೋಗೋದಾದ್ರೆ ಎರಡು ಸಲ ಯೋಚಿಸಿ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸ್ ಇಲ್ಲ, ಎರ್ಲಾಂಗನ್ನಿನಲ್ಲಿ ಇಮ್ಯುನಾಲಜಿಗೇ ಅಂತ ಇಂಗ್ಲಿಷ್ ಎಂಎಸ್ಸಿ ಇದೆ. ಆದ್ರೆ ವೀಸಾಗೆ ಮುಂಚೆ ಎಪಿಎಸ್ ಸರ್ಟಿಫಿಕೇಟ್ (ನಿಮ್ಮ ಡಿಗ್ರಿ ಕಾಗದ ಅಸಲಿ ಅನ್ನೋದಕ್ಕೆ) ಬೇಕು, ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯೋಕಾಗೋ ಖಾತೆ) ವರ್ಷದ ಖರ್ಚು ತೋರಿಸ್ಬೇಕು, 2025ರಲ್ಲಿ ಅದು 11,904 ಯೂರೋ ಇತ್ತು. ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿಗೆ ಫೀಸೇ ಬಹಳ, ಲ್ಯಾಬ್ ಟೈಮ್ ಕಮ್ಮಿ, ಸ್ಕಾಲರ್‌ಶಿಪ್ ಇಲ್ಲದೆ ಹೋಗಿ ಅಂತ ನಾನು ಯಾರಿಗೂ ಹೇಳಲ್ಲ. ಅಮೆರಿಕದ ಪಿಎಚ್‌ಡಿಗೆ ಸಾಮಾನ್ಯವಾಗಿ ಅವರೇ ಫೀಸ್ ಬಿಟ್ಟು ಸ್ಟೈಪೆಂಡ್ ಕೊಡ್ತಾರೆ, ಇಲ್ಲಿ ಒಂದೆರಡು ವರ್ಷ ಲ್ಯಾಬ್ ಅನುಭವ ಮಾಡ್ಕೊಂಡು ಅಪ್ಲೈ ಮಾಡಿದ್ರೆ ಸಿಗೋ ಸಾಧ್ಯತೆ ಜಾಸ್ತಿ.

ಕೊನೇದಾಗಿ ಕ್ಯಾಲೆಂಡರಲ್ಲಿ ಬರ್ಕೊಳ್ಳಿ

ನಾನು ಡಿಗ್ರಿಯಲ್ಲಿದ್ದಾಗ ಮೊದಲ ಸಲ ಜಾಮ್ ಮಿಸ್ ಆಗಿದ್ದು ಓದದೆ ಅಲ್ಲ, ಅರ್ಜಿ ಯಾವಾಗ ಅಂತ ಗೊತ್ತಿಲ್ಲದೆ. ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ ಇರತ್ತೆ, ಅರ್ಜಿ ಸೆಪ್ಟೆಂಬರಲ್ಲೇ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿದುಹೋಗತ್ತೆ. ಜೆಜೀಬಿಲ್ಸ್ ಡಿಸೆಂಬರ್ ಹೊತ್ತಿಗೆ, ಅದರ ಅರ್ಜಿಯೂ ಮಳೆಗಾಲ ಮುಗಿಯೋ ಟೈಮಿಗೇ. ಅಕಾಡೆಮಿಗಳ ಸಮ್ಮರ್ ಫೆಲೋಶಿಪ್ಪಿನ ಅರ್ಜಿ ಹಿಂದಿನ ವರ್ಷದ ಕೊನೇ ತಿಂಗಳುಗಳಲ್ಲಿ, ಬೇಸಿಗೆ ಬಂದ ಮೇಲೆ ಹುಡುಕಿದ್ರೆ ಬಾಗಿಲು ಹಾಕಿರತ್ತೆ. ಗ್ಯಾಟ್-ಬಿ ಏಪ್ರಿಲ್ ಮೇ ಸುತ್ತ, ನೆಟ್ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸೈಕಲ್. ತಾರೀಕು ವರ್ಷ ವರ್ಷ ಆಚೆ ಈಚೆ ಆಗತ್ತೆ, ಅಧಿಕೃತ ವೆಬ್‌ಸೈಟ್ ನೋಡಿ, ವಾಟ್ಸಾಪಲ್ಲಿ ಬಂದ ಫಾರ್ವರ್ಡ್ ನಂಬ್ಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಆಗಸ್ಟಿನೊಳಗೇ ನಾಡಕಚೇರಿಯಿಂದ ತಂದಿಟ್ಕೊಳ್ಳಿ, ಒಬಿಸಿಯೋರಿಗೆ ಸೆಂಟ್ರಲ್ ಫಾರ್ಮ್ಯಾಟಿಂದೇ ಬೇಕು, ರಾಜ್ಯದ್ದು ತಗೊಂಡು ಹೋಗಿ ಕೊನೇ ದಿನ ಒದ್ದಾಡ್ಬೇಡಿ.